ಚಟ್ನಿಪುಡಿ ಗಡಿ ದಾಟಿದಾಗ

ಬೆಳಗಾವಿಯಿಂದ ಕೊಲ್ಹಾಪುರ 110 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆಯ ಚಹಾಕ್ಕೆ ಮನೆಗೆ ಬರಬಹುದು. ಬೆಂಗಳೂರು 500 ಕಿಲೋಮೀಟರ್. ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ನಮ್ಮ ಪರಿಚಯದ ಒಬ್ಬಾಕೆ ಈ ಎರಡೂ ಊರಿಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕಳಿಸುತ್ತಾರೆ. ಬೆಂಗಳೂರಿಗೆ ಹೋಗುವ ಪೊಟ್ಟಣಕ್ಕೆ ಸದ್ಯ ಜಿಎಸ್‌ಟಿ ನೋಂದಣಿ ಬೇಡ, ಕೊಲ್ಹಾಪುರಕ್ಕೆ ಹೋಗುವುದಕ್ಕೆ ಬೇಕು ಎಂದಾಗ ಅವರು ಕೈಯಲ್ಲಿದ್ದ ಚಮಚ ಕೆಳಗಿಟ್ಟರು. “ಅಲ್ರೀ, ಕೊಲ್ಲಾಪುರ ಇಲ್ಲೇ ಮಗ್ಗಲಾಗ ಐತಿ. ದೂರದ ಊರಿಗೆ ಇಲ್ಲದ್ದು ಹತ್ತಿರದ ಊರಿಗೆ ಹೆಂಗ ಬಂತ್ರೀ?”

ಅವರ ಹೆಸರು ಇಲ್ಲಿ ಬೇಡ, ಚಟ್ನಿ ಅಕ್ಕ ಎನ್ನೋಣ. ವ್ಯಾಪಾರ ಮಾಡಬೇಕೆಂದು ಅವರು ಹೊರಟವರಲ್ಲ. ಮಾಡಿದ್ದು ರುಚಿಯಾಗಿತ್ತು, ನೆಂಟರು ಕೇಳಿದರು, ನೆಂಟರ ನೆಂಟರು ಕೇಳಿದರು, ಮಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ತೆರೆದಳು. ದುಡ್ಡು ಬರುತ್ತಿದ್ದುದು ಅಕ್ಕನ ಉಳಿತಾಯ ಖಾತೆಗೆ. ಅದೇ ಖಾತೆಗೆ ಮಗ ಪುಣೆಯಿಂದ ಮನೆಖರ್ಚಿಗೆ ಕಳಿಸುತ್ತಿದ್ದ, ಮಹಿಳಾ ಸಂಘದ ಚೀಟಿ ಹಣವೂ ಅಲ್ಲಿಗೇ ಬೀಳುತ್ತಿತ್ತು, ಪಕ್ಕದ ಮನೆಯವರಿಗೆ ನಗದು ಕೊಟ್ಟು ಫೋನ್‌ಪೇ ಮಾಡಿಸಿಕೊಂಡದ್ದೂ ಅಲ್ಲೇ. ಎರಡು ವರ್ಷ ಹೀಗೆ ನಡೆದ ಮೇಲೆ ಅವರು ನನ್ನ ಮುಂದೆ ಪಾಸ್‌ಬುಕ್ ಇಟ್ಟು, ಇದರಲ್ಲಿ ಚಟ್ನಿಯ ರೊಕ್ಕ ಎಷ್ಟು ಹೇಳಿ ಎಂದರು. ನನಗೆ ಹೇಳಲಾಗಲಿಲ್ಲ. ಅವರಿಗೂ ಆಗಲಿಲ್ಲ.

ಆನ್‌ಲೈನ್ ವ್ಯಾಪಾರ ಶುರು ಮಾಡುವವರು ಮೊದಲು ಕೇಳುವುದು ಯಾವ ಲೈಸೆನ್ಸ್ ಬೇಕು, ಯಾವ ಕಂಪನಿ ಮಾಡಬೇಕು ಎಂದು. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ದುಡ್ಡು ಯಾವ ಖಾತೆಗೆ ಬಂದು ಬೀಳುತ್ತದೆ ಎಂಬುದು. ಲೈಸೆನ್ಸು ತಡವಾದರೆ ದಂಡ ಕಟ್ಟಿಯಾದರೂ ಸರಿಮಾಡಿಕೊಳ್ಳಬಹುದು. ಎರಡು ವರ್ಷದ ಹಣ ಕಲಸಿಹೋದರೆ ಅದನ್ನು ಬೇರ್ಪಡಿಸುವುದು ಹಾಲಿಗೆ ಬಿದ್ದ ನೀರನ್ನು ಸೋಸಿದ ಹಾಗೆ.

2025ರ ಜುಲೈಯಲ್ಲಿ ಕರ್ನಾಟಕದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡು, ಜಿಎಸ್‌ಟಿ ನೋಂದಣಿಯ ವಹಿವಾಟು ಮಿತಿ ದಾಟಿದಂತೆ ಕಂಡ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳು ಬೆಚ್ಚಿಬಿದ್ದವು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿನ ಮೇಲೆ 29 ಲಕ್ಷ ರೂ. ಕೇಳಿದ ನೋಟಿಸ್ ದೇಶದಾದ್ಯಂತ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದರು. 25ಕ್ಕೆ ಕರೆಕೊಟ್ಟಿದ್ದ ಬಂದ್ ಅಲ್ಲಿಗೆ ನಿಂತಿತು.

ಆ ಗಲಾಟೆಯಲ್ಲಿ ಎಲ್ಲರೂ ಇಲಾಖೆಯನ್ನು ಬೈದರು. ಬೈಯಲು ಕಾರಣವೂ ಇತ್ತು. ಆದರೆ ಬಹಳ ವ್ಯಾಪಾರಿಗಳು ಹೇಳಿದ ಇನ್ನೊಂದು ಮಾತು ನನ್ನ ಕಿವಿಯಲ್ಲಿ ಉಳಿಯಿತು. ‘ಅದರಲ್ಲಿ ಅರ್ಧ ನಮ್ಮ ಮನೆಯವರ ದುಡ್ಡು ಸ್ವಾಮಿ, ಸಾಲ ತಗೊಂಡಿದ್ದು, ಕೊಟ್ಟಿದ್ದು.’ ನಿಜವೇ ಇರಬಹುದು. ಯುಪಿಐ ಪಟ್ಟಿಯಲ್ಲಿ ಮಗ ಕಳಿಸಿದ ಐದು ಸಾವಿರಕ್ಕೂ ಗಿರಾಕಿ ಕಳಿಸಿದ ಐದು ಸಾವಿರಕ್ಕೂ ಒಂದೇ ಮುಖ. ಯಾವುದು ಯಾವುದೆಂದು ತೋರಿಸಿಕೊಡುವ ಭಾರ ಖಾತೆದಾರನ ಹೆಗಲಿಗೇ ಬೀಳುತ್ತದೆ. ಅಂಗಡಿಯವನಿಗೆ ಗಲ್ಲಾಪೆಟ್ಟಿಗೆಯಾದರೂ ಇದೆ, ನಗದಿನಲ್ಲಿ ಹೇಗೋ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಮಾರುವವರ ಪ್ರತಿ ರೂಪಾಯಿಯೂ ಹೆಜ್ಜೆಗುರುತು ಬಿಟ್ಟೇ ಬರುತ್ತದೆ.

ಹಾಗಾಗಿ ಚಟ್ನಿ ಅಕ್ಕ ಮಾಡಿದ ಮೊದಲ ಕೆಲಸ ಚಾಲ್ತಿ ಖಾತೆ. ಬ್ಯಾಂಕಿನವರು ವ್ಯಾಪಾರದ ಹೆಸರಿನಲ್ಲಿ ಏನಾದರೂ ದಾಖಲೆ ಕೇಳಿದರು. ಅದಕ್ಕೆ ಸುಲಭದ ದಾರಿ ಉದ್ಯಮ್ ನೋಂದಣಿ. 2020ರ ಜುಲೈ 1ರಂದು ಶುರುವಾದ ಈ ವ್ಯವಸ್ಥೆಯಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಅರ್ಜಿ ತುಂಬಬಹುದು, ಒಂದು ಪೈಸೆ ಶುಲ್ಕವಿಲ್ಲ. ಪೈಸೆ ಇಲ್ಲ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹುಡುಕಿದಾಗ ಮೊದಲು ಸಿಗುವುದು ಸರ್ಕಾರದ್ದೇ ಎಂಬಂತೆ ಕಾಣುವ, ಒಂದೆರಡು ಸಾವಿರ ಕೇಳುವ ಖಾಸಗಿ ಜಾಲತಾಣಗಳು. ಅಕ್ಕನ ಮಗಳಿಗೆ ಅಂಥದ್ದೊಂದರಲ್ಲಿ ದುಡ್ಡು ಕಟ್ಟುವುದಕ್ಕೆ ಒಂದು ಗುಂಡಿ ಒತ್ತುವುದಷ್ಟೇ ಬಾಕಿ ಇತ್ತು. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ನೋಡಿಕೊಳ್ಳಿ. ಉದ್ಯಮ್ ಸಂಖ್ಯೆ ಇದ್ದರೆ ಮುಂದೆ ಮುದ್ರಾ ಸಾಲಕ್ಕೂ ಅನುಕೂಲ. ಮುದ್ರಾದಲ್ಲಿ 50,000 ರೂ.ವರೆಗಿನದು ‘ಶಿಶು’, 5 ಲಕ್ಷದವರೆಗಿನದು ‘ಕಿಶೋರ’, ಒತ್ತೆ ಇಡಬೇಕಾಗಿಲ್ಲ. ಸಾಲ ಬೇಡದಿದ್ದರೆ ಇನ್ನೂ ಒಳ್ಳೆಯದು, ಹುರಿಯುವ ಬಾಣಲೆಗೆ ಸಾಲ ಯಾಕೆ.

ಈಗ ಗಡಿಯ ಮಾತಿಗೆ ಬರೋಣ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂ. ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಸೇವೆಗಳಿಗೆ ಆ ಮಿತಿ 20 ಲಕ್ಷ. ಗೊತ್ತಿಲ್ಲದಿರುವುದು ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ 40 ಲಕ್ಷದ ಆಸರೆ ಇಲ್ಲ. ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಅಂಗಡಿ ಇಟ್ಟವನಿಗೆ ಇದು ತಟ್ಟುವುದಿಲ್ಲ, ಗಿರಾಕಿ ಅವನ ಕಟ್ಟೆಗೇ ಬರುತ್ತಾನೆ. ಕೊರಿಯರ್‌ನಲ್ಲಿ ಕಳಿಸುವವರಿಗೆ ಪಿನ್‌ಕೋಡೇ ಕಾನೂನು. ಬೀದರಿನಿಂದ ಚಾಮರಾಜನಗರಕ್ಕೆ ಕಳಿಸಿದರೆ ರಾಜ್ಯದೊಳಗೆ, ನಿಪ್ಪಾಣಿಯಿಂದ ಕಾಗಲ್‌ಗೆ ಕಳಿಸಿದರೆ ಅಂತರರಾಜ್ಯ. ಗಡಿನಾಡಿನ ಮನೆಗಳಿಗೆ ಇದರ ಬಿಸಿ ಹೆಚ್ಚು: ಬೀಗರೆಲ್ಲ ಆಚೆ, ಕಾನೂನೆಲ್ಲ ಈಚೆ.

ಸರಕಿನಿಂದ ಸರಕಿಗೆ ಈ ಮಾತು ಬದಲಾಗುತ್ತದೆ. ಹಪ್ಪಳಕ್ಕೆ ತೆರಿಗೆ ಸೊನ್ನೆ. ಅಕ್ಕ ಬರೀ ಹಪ್ಪಳ ಮಾರಿದ್ದರೆ ಕೊಲ್ಹಾಪುರವೇನು, ಕೋಲ್ಕತ್ತಕ್ಕೂ ನಿಶ್ಚಿಂತೆಯಿಂದ ಕಳಿಸಬಹುದಿತ್ತು. ಚಟ್ನಿಪುಡಿಗೆ ಶೇ 5 ಇದೆ, ಆದ್ದರಿಂದ ಸಿಕ್ಕಿಬಿದ್ದರು. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ಮಾರುವವರಿಗೆ 20 ಲಕ್ಷದವರೆಗೆ ಅಂತರರಾಜ್ಯಕ್ಕೂ ವಿನಾಯಿತಿ ಕೊಟ್ಟಿದ್ದಾರೆ. ಅರಗಿನ ಬಣ್ಣದ ಕಟ್ಟಿಗೆ ಕೆಲಸ ಆ ಪಟ್ಟಿಯಲ್ಲಿದೆ. ಚನ್ನಪಟ್ಟಣದ ಕುಶಲಕರ್ಮಿಗೆ ಇದು ಸಣ್ಣ ಅನುಕೂಲವೇನಲ್ಲ. ಸೇವೆಯದು ಇನ್ನೂ ಸಲೀಸು. ಅಮೆರಿಕದ ಕನ್ನಡ ಮಕ್ಕಳಿಗೆ ಮೈಸೂರಿನಲ್ಲಿ ಕೂತು ಸಂಗೀತ ಹೇಳಿಕೊಡುವ ಟೀಚರ್, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿಯ ಗೊಡವೆಗೆ ಹೋಗಬೇಕಿಲ್ಲ.

ದೊಡ್ಡ ಮಾರಾಟ ವೇದಿಕೆಗಳಲ್ಲಿ ಸರಕು ಇಡುವುದಕ್ಕೆ ಮೊದಲು ನೋಂದಣಿ ಇಲ್ಲದೆ ಬಾಗಿಲೇ ತೆರೆಯುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಆ ಬಾಗಿಲು ಅರ್ಧ ತೆರೆದಿದೆ. ಮಿತಿಯೊಳಗಿನ ಸಣ್ಣ ಮಾರಾಟಗಾರರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದು, ತಮ್ಮ ರಾಜ್ಯದ ಒಳಗೆ ಮಾತ್ರ, ವೇದಿಕೆಯ ಮೂಲಕ ಮಾರಬಹುದು. ಮಾರುಕಟ್ಟೆಯ ನಾಡಿಮಿಡಿತ ನೋಡುವುದಕ್ಕೆ ಇದು ಸಾಕು. ಹೊರರಾಜ್ಯದ ಆರ್ಡರ್ ಒಪ್ಪಿಕೊಳ್ಳುವಂತಿಲ್ಲ, ಅಷ್ಟೇ.

ಕೆಲವು ಸಲಹೆಗಾರರು ‘ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಗೆ ಹೋಗಿ, ವಹಿವಾಟಿನ ಶೇ 1 ಕಟ್ಟಿ ಆರಾಮಾಗಿರಿ’ ಎನ್ನುತ್ತಾರೆ. ರಾಜ್ಯದೊಳಗೆ ಮಾರುವವರಿಗೆ ಅದು ಒಳ್ಳೆಯ ದಾರಿ. ಆದರೆ ಆ ಪದ್ಧತಿಯಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ. ನಮ್ಮ ಅಕ್ಕನಿಗೆ ನೋಂದಣಿ ಬೇಕಾದದ್ದೇ ಕೊಲ್ಹಾಪುರಕ್ಕಾಗಿ, ಆದ್ದರಿಂದ ಅದು ಹಲ್ಲಿದ್ದವರಿಗೆ ಕಡಲೆ ಇಲ್ಲದ ಕತೆ. ಮಾಮೂಲಿ ನೋಂದಣಿಯನ್ನೇ ಮಾಡಿಸಿದರು. ಅವರದು ಬಾಡಿಗೆ ಮನೆ. ಕರೆಂಟ್ ಬಿಲ್ಲಿನ ಪ್ರತಿ ಮತ್ತು ಒಪ್ಪಿಗೆ ಪತ್ರ ಕೇಳಿದಾಗ ಮನೆ ಮಾಲೀಕರು, ಎಲ್ಲಿ ಕಮರ್ಷಿಯಲ್ ರೇಟ್ ಹಾಕುತ್ತಾರೋ ಎಂದು ಹದಿನೈದು ದಿನ ಸತಾಯಿಸಿದರು. ಚಟ್ನಿಪುಡಿಯ ಎರಡು ಡಬ್ಬಿ ಮೇಲೆ ಹೋದ ನಂತರ ಸಹಿ ಬಂತು.

ನೋಂದಣಿ ಆಯಿತೆಂದು ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಮರೆತುಬಿಡುವವರು ಬಹಳ. ಒಂದೂ ಮಾರಾಟ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು. ತಡವಾದರೆ ಖಾಲಿ ರಿಟರ್ನ್‌ಗೆ ದಿನಕ್ಕೆ 20 ರೂ., ವಹಿವಾಟು ಇದ್ದರೆ ದಿನಕ್ಕೆ 50 ರೂ. ಏರುತ್ತಾ ಹೋಗುತ್ತದೆ. 5 ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತೆಗೆದುಕೊಳ್ಳಬಹುದು, ಮಾರಾಟವೇ ಇಲ್ಲದಿದ್ದರೆ ಒಂದು ಎಸ್‌ಎಂಎಸ್‌ನಲ್ಲೂ ಮುಗಿಸಬಹುದು. ಇನ್ನೊಂದು ಮರೆತುಹೋಗುವ ಬಾಬತ್ತು ರಾಜ್ಯದ ವೃತ್ತಿ ತೆರಿಗೆ. ಜಿಎಸ್‌ಟಿ ನೋಂದಣಿಯಾದವರು ವರ್ಷಕ್ಕೆ 2,500 ರೂ. ಕಟ್ಟಬೇಕು. ಯಾರೂ ನೆನಪಿಸುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ.

ಕಾಗದಪತ್ರದ ಮಾತು ಸಾಕು, ಬೆಲೆಯ ಲೆಕ್ಕ ನೋಡೋಣ. ನನಗೆ ಇದು ಕಾನೂನಿಗಿಂತ ದೊಡ್ಡ ಚಿಂತೆ. ಅಕ್ಕ ತಮ್ಮ ಪೊಟ್ಟಣಕ್ಕೆ 200 ರೂ. ಇಟ್ಟಿದ್ದರು, ಕೊರಿಯರ್ ಸೇರಿ. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸ್ ಎಲ್ಲ ಸೇರಿ 70 ಬೀಳುತ್ತದೆ; ಪೊಟ್ಟಣ, ಚೀಟಿ, ಪೆಟ್ಟಿಗೆಗೆ 15; ಕೊರಿಯರ್‌ಗೆ 45. ಉಳಿದ 70 ರೂಪಾಯಿಯನ್ನು ಅವರು ಲಾಭ ಅಂದುಕೊಂಡಿದ್ದರು. ವೇದಿಕೆಯೊಂದರ ಮೂಲಕ ಮಾರಿದರೆ ಕಮಿಷನ್ ಮತ್ತಿತರ ಶುಲ್ಕ 40, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 7 ರೂ. ಚಿಲ್ಲರೆ. 200ರ ಒಳಗೇ ಅಡಗಿರುವ ಚಟ್ನಿಯ ತೆರಿಗೆ ಒಂಬತ್ತೂವರೆ ರೂಪಾಯಿ. ಕಳೆದು ನೋಡಿದರೆ ಕೈಯಲ್ಲಿ ಉಳಿದದ್ದು 13. ಶುಲ್ಕದ ಮೇಲೆ ಕೊಟ್ಟ ಆ 7 ರೂಪಾಯಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಲೆಕ್ಕ ಸರಿಯಾಗಿ ಇಟ್ಟಿದ್ದರೆ. ಆಗ 20 ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಹುರಿದು ಕುಟ್ಟಿದ ಅಕ್ಕನ ಕೂಲಿ ಇದರಲ್ಲಿ ಇನ್ನೂ ಸೇರಿಲ್ಲ.

ಇನ್ನು ಗಿರಾಕಿ ಬಾಗಿಲು ತೆರೆಯಲಿಲ್ಲ, ಪೊಟ್ಟಣ ವಾಪಸ್ ಬಂತು ಅನ್ನಿ. ಸೀರೆಯಾದರೆ ಮಡಿಸಿ ಇನ್ನೊಬ್ಬರಿಗೆ ಮಾರಬಹುದು. ಹತ್ತು ದಿನ ಗೋದಾಮು ಸುತ್ತಿ ಬಂದ ಚಟ್ನಿಯನ್ನು ಯಾರಿಗೆ ಕೊಡುವುದು? ಸರಕು, ಪೆಟ್ಟಿಗೆ, ಹೋಗುವ ಬರುವ ಕೊರಿಯರ್ ಸೇರಿ 175 ರೂ. ನೀರಿಗೆ. ಅಂದರೆ ವಾಪಸ್ ಬಂದ ಒಂದು ಪೊಟ್ಟಣ ಸುಮಾರು ಒಂಬತ್ತು ಪೊಟ್ಟಣದ ಲಾಭ ನುಂಗುತ್ತದೆ. ‘ಮನೆಗೆ ಬಂದ ಮೇಲೆ ದುಡ್ಡು ಕೊಡಿ’ ಎಂಬ ಸೌಲಭ್ಯವನ್ನು ತಿಂಡಿ ಮಾರುವವರು ಶುರುವಿನಲ್ಲೇ ಬಿಟ್ಟುಬಿಡಬೇಕು ಎನ್ನುವುದು ನನ್ನ ಹಟ. ಗಿರಾಕಿ ಕಡಿಮೆಯಾಗುತ್ತಾರೆ, ಆಗಲಿ. ಯುಪಿಐನಲ್ಲಿ ಮೊದಲೇ ದುಡ್ಡು ತರಿಸಿಕೊಂಡರೆ 2020ರಿಂದ ವ್ಯಾಪಾರಿಗೆ ವಹಿವಾಟು ಶುಲ್ಕವೂ ಇಲ್ಲ. ಅಕ್ಕ ಬೆಲೆಯನ್ನು 240 ಮಾಡಿದರು. ಅಳುಕುತ್ತಲೇ ಮಾಡಿದರು, ಹಳೆಯ ಗಿರಾಕಿಗಳು ಯಾರೂ ಬಿಟ್ಟುಹೋಗಲಿಲ್ಲ.

ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಅಂದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಡುಗೆಮನೆಯಲ್ಲೇ ಮಾಡಿದರೂ ಬೇಕು. 2011ರ ನಿಯಮಗಳು ಸಣ್ಣ ತಯಾರಕರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂ. ಸಿಗುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು, ಜೊತೆಗೆ ಸಸ್ಯಾಹಾರದ ಹಸಿರು ಚುಕ್ಕೆ, ಏನೇನು ಹಾಕಿದ್ದೀರಿ ಎಂಬ ಪಟ್ಟಿ, ಶೇಂಗಾ ಇದೆ ಎಂಬ ಎಚ್ಚರಿಕೆ. ಶೇಂಗಾ ಒಗ್ಗದವರು ಇರುತ್ತಾರೆಂದರೆ ಅಕ್ಕ ನಂಬಲೇ ಇಲ್ಲ. ಕಾನೂನು ಮಾಪನದ ನಿಯಮಗಳು ಕೇಳುವುದು ಬೇರೆ: ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ನಿವ್ವಳ ತೂಕ, ಮಾಡಿದ ತಿಂಗಳು-ವರ್ಷ, ತಯಾರಕರ ಹೆಸರು-ವಿಳಾಸ, ದೂರಿಗೆ ಫೋನ್ ನಂಬರ್. ಅಕ್ಕನ ಮನೆಯಲ್ಲಿ ಆಗಲೇ ಸಾವಿರ ಸ್ಟಿಕರ್ ಅಚ್ಚಾಗಿ ಬಂದಿದ್ದವು. ಚೆಂದದ ಕಸೂತಿ ಅಂಚು, ನಡುವೆ ಒರಳುಕಲ್ಲಿನ ಚಿತ್ರ. ತೂಕವೂ ಇಲ್ಲ, ತಾರೀಖೂ ಇಲ್ಲ. ಮೊದಲು ನಿಯಮ ಓದಿ, ಆಮೇಲೆ ಪ್ರೆಸ್ಸಿಗೆ ಹೋಗಿ.

ಹೆಸರಿನ ವಿಷಯದಲ್ಲೂ ಆತುರ ಬೇಡ. ಹೆಸರು ಆರಿಸುವ ಮುಂಚೆ ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಹುಡುಕಿ ನೋಡುವುದಕ್ಕೆ ದುಡ್ಡು ಬೇಕಿಲ್ಲ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂ. ಶುಲ್ಕ, ಸಿಕ್ಕಿದರೆ ಹತ್ತು ವರ್ಷದ ರಕ್ಷಣೆ. ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಪುಡಿ 30ನೆಯದು. ಎರಡೂ ಮಾಡುವವರು ಎರಡಕ್ಕೂ ಕಟ್ಟಬೇಕು. ಮೊದಲ ವರ್ಷವೇ ಕಟ್ಟಬೇಕೆಂದಿಲ್ಲ, ಹೆಸರು ನಿಂತ ಮೇಲೆ ಕಟ್ಟಿದರಾಯಿತು. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಹೆಸರನ್ನೇ ಬ್ರಾಂಡ್ ಮಾಡಿಕೊಂಡು ಹೊರಟರೆ ಆಕ್ಷೇಪ ಬರುತ್ತದೆ.

ಯಾರಿಗೂ ಕೇಳುವುದಕ್ಕೆ ಇಷ್ಟವಿಲ್ಲದ ವಿಷಯವೊಂದಿದೆ. ಅಕ್ಕ ಒಬ್ಬರೇ ತಮ್ಮ ಪ್ಯಾನ್ ಮೇಲೆ ನಡೆಸುವ ವ್ಯಾಪಾರಕ್ಕೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿಲ್ಲ. ವ್ಯಾಪಾರದ ಸಾಲ ಅವರ ಸಾಲ, ವ್ಯಾಪಾರದ ಮೇಲಿನ ದಾವೆ ಅವರ ಮೇಲಿನ ದಾವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಗಿರಾಕಿ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ದಿಲ್ಲಿಯ ಗಿರಾಕಿಗೆ ಹೊಟ್ಟೆ ಕೆಟ್ಟರೆ ದಿಲ್ಲಿಯಲ್ಲಿ ಉತ್ತರ ಕೊಡಬೇಕು. ಇದಕ್ಕೆ ಹೆದರಿ ಮೊದಲ ದಿನವೇ ಕಂಪನಿ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಲೆಕ್ಕಪರಿಶೋಧನೆ, ವಾರ್ಷಿಕ ವರದಿ ಎಂದು ಅದರ ಪಾಲನೆಗೆ ಆಗುವ ಖರ್ಚೇ ಸಣ್ಣವರ ಲಾಭವನ್ನು ತಿಂದುಹಾಕುತ್ತದೆ. ಪ್ರತಿ ಸಲ ಮಾಡಿದ್ದರಲ್ಲಿ ಒಂದು ಪೊಟ್ಟಣ ಎತ್ತಿಟ್ಟು, ಅದಕ್ಕೊಂದು ಸಂಖ್ಯೆ ಬರೆದು, ಯಾವ ಸಲದ್ದು ಯಾರಿಗೆ ಹೋಯಿತೆಂದು ಪುಸ್ತಕದಲ್ಲಿ ಗುರುತಿಟ್ಟುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಓರಗಿತ್ತಿಯೂ ಕೈ ಜೋಡಿಸುತ್ತೇನೆ ಎಂದಾಗ ಅಕ್ಕನಿಗೆ ಸಂತೋಷವೋ ಸಂತೋಷ. ನಾನು ಕರಾರು ಬರೆಯಿರಿ ಎಂದದ್ದಕ್ಕೆ ಇಬ್ಬರೂ ನನ್ನನ್ನು ಮನೆ ಮುರಿಯುವವನಂತೆ ನೋಡಿದರು. ಬರೆದಿಡದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಲಾಭ-ನಷ್ಟ ಸಮಪಾಲು ಎನ್ನುತ್ತದೆ, ಒಬ್ಬರು ಬೆಳಗಿನಿಂದ ಹುರಿದರೂ ಇನ್ನೊಬ್ಬರು ಬರೀ ಫೋನ್ ಎತ್ತಿಕೊಂಡರೂ. ಇದನ್ನು ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕರಾರು ಬರೆದರು. ಯಾರು ಎಷ್ಟು ಹಾಕುತ್ತಾರೆ, ಬಿಟ್ಟುಹೋಗುವವರಿಗೆ ಏನು ಸಿಗುತ್ತದೆ ಎಂಬ ಎರಡು ಪುಟ. ಪಾಲುದಾರಿಕೆಗೆ ಬೇರೆಯದೇ ಪ್ಯಾನ್ ಬೇಕಾದ್ದರಿಂದ ಎಲ್ಲ ನೋಂದಣಿಯನ್ನೂ ಮತ್ತೆ ಮಾಡಿಸಬೇಕು ಎಂದು ತಿಳಿದಾಗ ಓರಗಿತ್ತಿ ಸಂಬಳಕ್ಕೆ ಒಪ್ಪಿಕೊಂಡರು ಅನ್ನುವುದು ಬೇರೆ ಮಾತು.

ಆದಾಯ ತೆರಿಗೆಯದು ಅಷ್ಟು ಭಯ ಬೇಡ. ಅಕ್ಕನಂಥವರಿಗೆ ಅಂದಾಜು ಆದಾಯದ ಪದ್ಧತಿ ಇದೆ: ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇ 6, ನಗದಾದರೆ ಶೇ 8, ಕನಿಷ್ಠ ಇಷ್ಟನ್ನು ಲಾಭ ಎಂದು ತೋರಿಸಿದರೆ ಲೆಕ್ಕದ ಪುಸ್ತಕ ಕೇಳುವುದಿಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ತೆರಿಗೆ ಬೀಳದಿದ್ದರೂ ರಿಟರ್ನ್ ಹಾಕಿ. ನಾಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಚಟ್ನಿಯ ರುಚಿ ನೋಡುವುದಿಲ್ಲ, ಮೂರು ವರ್ಷದ ರಿಟರ್ನ್ ನೋಡುತ್ತಾರೆ.

ಅಕ್ಕನ ಬಿಲ್ ನಂಬರ್ 1 ಕೊಲ್ಹಾಪುರಕ್ಕೇ ಹೋಯಿತು, ಎರಡು ಶೇಂಗಾ, ಒಂದು ಅಗಸಿ. ಮಗಳು ಹಳೆಯ ಸ್ಟಿಕರ್‌ಗಳ ಪಕ್ಕ ಇನ್ನೊಂದು ಸಣ್ಣ ಚೀಟಿ ಅಂಟಿಸುತ್ತಾ ಕೂತಿದ್ದಳು. ಅಕ್ಕ ಏನೋ ನೆನಪಾದವರಂತೆ ತಲೆ ಎತ್ತಿದರು.

“ಹಂಗಾರ ಪಂಚಮಿಗೆ ಕೊಲ್ಲಾಪುರದ ನಾದಿನಿಗೆ ಉಂಡಿ ಕಳಸಾಕೂ ಬಿಲ್ ಹಾಕಬೇಕೇನ್ರೀ?”

ರೊಕ್ಕ ತಗೊಳ್ಳದಿದ್ದರೆ ಬೇಡ ಅಂದೆ.

“ರೊಕ್ಕ? ಆಕಿ ಕೊಟ್ಟಂಗ ಬಿಡ್ರಿ.”